ಸಾಲಿನಲ್ಲಿ ಬಿಟ್ಟ ಜಾಗ

ಚಿಮ್ಮಡ
18 ನವೆಂಬರ್ 2012, ರವಿವಾರ

ಪ್ರೀತಿಯ ಮೈದುನ ಮಹಾಲಿಂಗನಿಗೆ,

ನಿನ್ನ ವೈನಿ ವೈಶಾಲಿಯ ಆಶೀರ್ವಾದಗಳು. ಮೊಣಕಾಲಿನ ಬಾವು ಇಳಿಯಿತೇ? ವಿಜಾಪುರದ ಚಳಿಗೆ ಜೈಲಿನ ನೆಲ ಇನ್ನಷ್ಟು ತಣ್ಣಗಾಗಿರಬೇಕು. ಅತ್ತೆ ಕಳಿಸಿದ ಕಂಬಳಿಯನ್ನು ಒಳಗೆ ಬಿಟ್ಟರೋ ಇಲ್ಲವೋ ಎಂದು ಅವರು ದಿನಾ ನನ್ನನ್ನೇ ಕೇಳುತ್ತಾರೆ, ಜೈಲರ್ ನಾನೇ ಎಂಬಂತೆ. ಇಲ್ಲಿ ಎಲ್ಲರೂ ಆರೋಗ್ಯ. ನಿಮ್ಮಣ್ಣ ಕಬ್ಬಿಗೆ ನೀರು ಬಿಡುವುದರಲ್ಲಿದ್ದಾರೆ. ಸೋಮವ್ವ ಬನಹಟ್ಟಿಯ ಮಗ್ಗದ ಮನೆಗೆ ನೂಲಿನ ಕಂಡಿಕೆ ಸುತ್ತಲು ಹೋಗುತ್ತಿದ್ದಾಳೆ. ಗಂಡ ಜೈಲಿನಲ್ಲಿದ್ದಾನೆಂದು ಮೊದಲು ತಲೆ ತಗ್ಗಿಸಿ ಬಸ್ಸು ಹತ್ತುತ್ತಿದ್ದವಳು ಈಗ ಸೀಟಿಗಾಗಿ ಜಗಳ ಮಾಡುತ್ತಾಳಂತೆ. ನನಗೆ ಅದೂ ಒಳ್ಳೆಯ ಸುದ್ದಿಯೇ.

ಈ ಪತ್ರವನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆಂದು ಗೊತ್ತು. ಓದಲಿ. ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ. ನಿನ್ನ ಮಗ ಭೀಮಶಿಯ ವಿಷಯ ನಿನಗೆ ಪೂರ್ತಿ ಹೇಳಬೇಕು. ಆ ದಿನ ಜಾಲರಿಯ ಆಚೆ ನಿಂತು ನೀನು ಹೇಳಿದ ಮಾತಿಗೆ ನಾನು ಸರಿಯಾಗಿ ಉತ್ತರವನ್ನೂ ಕೊಡಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಬಂದಾಗ ನಿನಗೆ ಹೇಳಿದ್ದು ಇಷ್ಟೇ: ಹುಡುಗ ಸಾಲೆ ತಪ್ಪಿಸುತ್ತಾನೆ, ಅವನ ಅಂಗಿಯಲ್ಲಿ ಸುಟ್ಟ ರಬ್ಬರಿನಂಥ ವಾಸನೆ. ಬೀಡಿ ಇರಬಹುದು ಎಂದುಕೊಂಡಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನೋಡು, ಔಷಧವೂ ಅಲ್ಲಿನದೇ. ಬನಹಟ್ಟಿಯಲ್ಲಿ ಟ್ಯೂಷನ್ ಹಚ್ಚಿದೆ. ಎದುರಿಗೆ ಕೂರಿಸಿಕೊಂಡು ಭವಿಷ್ಯದ ಬಗ್ಗೆ ತಿಳಿಹೇಳಿದೆ. ಜಮಖಂಡಿಯ ಹಾಸ್ಟೆಲಿಗೆ ಹಾಕಿಬಿಡೋಣ ಎಂದು ನಿಮ್ಮಣ್ಣನನ್ನೂ ಒಪ್ಪಿಸಿದ್ದೆ. ಅವನ ಒಳಿತಿಗೋ, ಮನೆಯ ಚಿಂತೆ ಕಣ್ಣಿಂದ ದೂರವಾಗಲೆಂದೋ? ಈಗಲೂ ಖಚಿತವಾಗಿ ಹೇಳಲಾರೆ. ಆ ದಿನ ನಾನು ವಾಸನೆ ಎಂದ ಕೂಡಲೇ ನೀನು ಜಾಲರಿಗೆ ಹತ್ತಿರ ಬಂದೆ. "ಅದು ತಾಮ್ರದ ತಂತಿ ಸುಟ್ಟ ವಾಸನಿರಿ ವೈನಿ. ನಂದೂ ಅಲ್ಲಿಂದನ ಸುರು ಆಗಿತ್ತು. ಬೈಬ್ಯಾಡ್ರಿ, ಹೊಡಿಬ್ಯಾಡ್ರಿ, ಊರು ಬಿಡಸಬ್ಯಾಡ್ರಿ. ಊರಾಗ ಅಂವಗೊಂದು ಜಾಗಾ ಮಾಡಿಕೊಡ್ರಿ. ನನ್ನ ಜಾಗಾನ ಕೊಡ್ರಿ" ಎಂದೆ. ಬೀರೇಶ್ವರನ ಗುಡಿಯ ಡೊಳ್ಳಿನ ಸಾಲಿನಲ್ಲಿ ನಿನ್ನದೆಂದು ಬಿಟ್ಟ ಜಾಗ! ಹಣೆಗೆ ಗುಡಿಯ ಅರಿಶಿನದ ಭಂಡಾರ ಹಚ್ಚಿಸಿಕೊಂಡು ಒಮ್ಮೆ ನಿಂತವನಿಗೆ ಆ ಜಾಗ ಸಾಯುವ ತನಕ. ತಾನಾಗಿ ಬಿಟ್ಟುಕೊಟ್ಟವನು ಮರಳಿ ಬಂದು ಕೇಳುವಂತಿಲ್ಲ. ಅದು ನಿನಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗಂಟೆ ಬಾರಿಸಿತು, ನಿನ್ನನ್ನು ಒಳಗೆ ಕರೆದರು.

ಮನೆಗೆ ಬಂದು, ಬೈಯದೆ, ಅವನನ್ನು ಕೇಳಿದೆ. ಎದ್ದು ಹಿತ್ತಲಿಗೆ ಹೋದ. ಜೋಳದ ಕಣಿಕೆಯ ಬಣವೆಯ ಹಿಂದಿನಿಂದ ಒಂದು ತಾಮ್ರದ ಸುರುಳಿ ತಂದು ನನ್ನ ಮುಂದೆ ಇಟ್ಟ. ಸಾತಪ್ಪನ ಹುಡುಗರು ಹೊಳೆದಂಡೆಯ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುವಾಗ ಇವನು ಒಡ್ಡಿನ ಮೇಲೆ ಕುಳಿತು, ಯಾರಾದರೂ ಬಂದರೆ ಸಿಳ್ಳು ಹಾಕುವವನು. ರಬ್ಬರು ಸುಟ್ಟು ತಾಮ್ರ ತೆಗೆಯುವಾಗಲೂ ಜೊತೆಗಿದ್ದ. ನಿನ್ನನ್ನು ಹಾಳು ಮಾಡಿದ ಅದೇ ಸಾತಪ್ಪ, ಅದೇ ಒಡ್ಡು. ಕೇಬಲ್ ಯಾರದು ಎಂದರೆ ಜಕ್ಕಪ್ಪಕಾಕಾನದು. ಡೊಳ್ಳಿನ ಮೇಳದ ಹಿರಿಯನದೇ!

ಮರುದಿನ ಸುರುಳಿಯ ಸಮೇತ ಅವನನ್ನು ಕಾಕಾನ ಮನೆಗೆ ಕರೆದುಕೊಂಡು ಹೋದೆ. ಜಕ್ಕಪ್ಪಕಾಕಾ ಕಳುವಿನ ದೂರು ಕೊಡಲು ಠಾಣೆಗೆ ಹೊರಟು ತಲೆಗೆ ಪಟಗಾ ಸುತ್ತಿಕೊಳ್ಳುತ್ತಿದ್ದರು. ಸುರುಳಿ ನೋಡಿ, "ಅಪ್ಪ ಮೋಟರ ಕದ್ದ, ಮಗ ತಂತಿಗಿ ಇಳದಾನ. ಮನಿತನಾ ಸಣ್ಣದಾಕ್ಕೋಂತ ಹೊಂಟೈತಿ ಬಿಡು" ಎಂದರು. ಆ ಕುಹಕಕ್ಕೆ ಹುಡುಗ ಅಳುತ್ತಾನೆ ಎಂದುಕೊಂಡೆ. ಅವನು ತಿರುಗಿ ನಿಂತ. "ನೀವ ಮಾಡಿದ್ದರಿ ಕಾಕಾ. ಅಮಾಸಿಗೊಮ್ಮೆ ಸಾಲಿನಾಗ ಆ ಖಾಲಿ ಜಾಗಾ ಬಿಡ್ತೀರಿ. ಮಂದಿ ಅದನ್ನ ನೋಡಿ ನನ್ನ ಮಾರಿ ನೋಡ್ತಾರ. ಅದು ನಮ್ಮಪ್ಪನ ಜಾಗಾ ಅಲ್ಲರಿ, ಜೈಲಿನ ಬೋರ್ಡ ಐತಿ." ಜಕ್ಕಪ್ಪಕಾಕಾ ಸುತ್ತುತ್ತಿದ್ದ ಪಟಗಾ ಹಾಗೇ ಕೈಯಲ್ಲಿ ನಿಂತಿತು. "ಹುಚ್ಚಖೋಡಿ, ಮರ್ಯಾದಿಗಂತ ಬಿಟ್ಟದ್ದಲೇ ಅದು! ಮಹಾಲಿಂಗ ಬರೂತನಾ ಬ್ಯಾರೇದಾಂವ ಅಲ್ಲಿ ನಿಂದರಬಾರದಂತ ಬಿಟ್ಟದ್ದು!"

ನಮ್ಮ ಜನ ಗೌರವವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಹುಡುಗ ಗುಡಿ ಬಿಟ್ಟು ಒಡ್ಡಿಗೆ ಹೋಗುತ್ತಿದ್ದನೇ? ಆಗ, ಜಾಗ ಹುಡುಗನಿಗೆ ಕೊಡಿ ಎಂದ ನಿನ್ನ ಮಾತು ತಿಳಿಸಿದೆ. "ಖರೆ ಅಂದನಾ? ಅಂವಗ ಪದ್ಧತಿ ನೆನಪೈತೇನ ಯವ್ವಾ?" ಎಂದರು. ನೆನಪಿದೆ ಎಂದೆ. ಅವರು ಪಟಗಾ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಠಾಣೇಕ ಹ್ವಾದ್ರ ಮೊದಲ ಈ ಕೂಸಿನ ಹೆಸರು ಬೀಳ್ತದ. ಬ್ಯಾಡ. ಲೇ ಭೀಮಶಿ, ಸಾಲಿ ಬಿಟ್ಟ ಕೂಡ್ಲೇ ಗುಡಿಗಿ ಬಾ. ತಪ್ಪಿಸಿದಿ ಅಂದ್ರ ನಾನ ನಿಮ್ಮ ಮನಿಗಿ ಬಂದು ಕೂಡ್ತೇನಿ. ನಿಮ್ಮ ಆಯಿ ಚಾ ಮಾಡಿ ಮಾಡಿ ಬ್ಯಾಸರಾಗಬೇಕು."

ಗೂಟದಲ್ಲಿ ತೂಗುತ್ತಿದ್ದ ನಿನ್ನ ಡೊಳ್ಳಿನ ಚರ್ಮ ಸಡಿಲಾಗಿತ್ತು. ಅತ್ತೆಯೇ ಇಳಿಸಿ ಬಿಸಿಲಿಗಿಟ್ಟರು. ಹಗ್ಗ ಬಿಗಿಯುವಾಗ ಹುಡುಗನ ಅಂಗೈ ಸುಲಿಯಿತು. ನಾನು ಮುಲಾಮು ಹಿಡಿದು ಓಡಿದರೆ ಅತ್ತೆ, "ನಿನ್ನ ಇಂಗ್ಲಿಷ್ ಔಷಧಾ ಆಮ್ಯಾಗ ಹಚ್ಚ, ಮದಲ ಅಂವ ಬಿಗೀಲಿ" ಎಂದರು. ಒಂದು ಸಂಜೆ ತಾಲೀಮಿನ ನಡುವೆ ರಸ್ತೆಯ ಕಡೆಯಿಂದ ಸಿಳ್ಳು ಕೇಳಿತು, ಸಾತಪ್ಪನದು. ಭೀಮಶಿಯ ಕೈ ನಿಂತಿತು. ಮೇಳದವರು ಯಾರೂ ತಿರುಗಿ ನೋಡಲಿಲ್ಲ. ಜಕ್ಕಪ್ಪಕಾಕಾ ಮಾತ್ರ ಅವನ ಪಕ್ಕಕ್ಕೆ ಸರಿದು ಇನ್ನೂ ಜೋರಾಗಿ ಬಾರಿಸಿದರು. ಸಿಳ್ಳು ಮತ್ತೊಮ್ಮೆ ಬಂತು. ಈ ಸಲ ಹುಡುಗನ ಕೋಲು ಕೆಳಗಿಳಿಯಿತು, ಡೊಳ್ಳಿನ ಮೇಲೇ.

ದೀಪಾವಳಿ ಅಮಾವಾಸ್ಯೆಗೆ ಅವನಿಗೆ ಭಂಡಾರ ಹಚ್ಚಿದರು. ನಿನ್ನ ಜಾಗದಲ್ಲಿ ನಿಂತ. ಎರಡು ಸಲ ತಾಳ ತಪ್ಪಿದ, ಸೋಮವ್ವ ಅದನ್ನೂ ಗಮನಿಸದೆ ಅತ್ತಳು. ಮುಂದೆ ಏನಾದೀತೋ, ನಾನು ಆಣೆ ಮಾಡಿ ಹೇಳಲಾರೆ. ಈ ದೀಪಾವಳಿಗಂತೂ ಅವನು ನಮ್ಮವನು. ಊರಿನಲ್ಲಿ ನಿನ್ನದೆಂದು ಉಳಿದಿದ್ದ ಒಂದೇ ಜಾಗವನ್ನು ನೀನು ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟೆ, ಮಹಾಲಿಂಗ. ನಿನಗೆ ನಾನು ಋಣಿ.

ಅತ್ತೆ, ನಿಮ್ಮಣ್ಣ, ಸೋಮವ್ವ ಎಲ್ಲರೂ ನಿನ್ನನ್ನು ನೆನೆಯುತ್ತಾರೆ. ಬೀರಪ್ಪ ನಿನ್ನನ್ನು ಕಾಯಲಿ.

ನಿನ್ನ ವೈನಿ,
ವೈಶಾಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಭೀಮಶಿ ಬಂದ. ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವನು ಮುಂದಿನ ಸಲ ನನ್ನ ಜೊತೆ ಬರುತ್ತಾನಂತೆ. ಕೊನೆಗೆ ಡೊಳ್ಳು ತಿರುಗಿಸಿ ಹೊಡೆಯುವ ಪೆಟ್ಟು ಅವನಿಗೆ ಕೈಗೂಡುತ್ತಿಲ್ಲ. "ಅದು ನಿಮ್ಮಪ್ಪಗ ಒಬ್ಬಗ ಗೊತ್ತು" ಅಂದರಂತೆ ಅವನಿಗೆ ಜಕ್ಕಪ್ಪಕಾಕಾ. ಜಾಲರಿಯ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದರೂ ಸಾಕಂತೆ. ಅತ್ತೆ ನಿನ್ನನ್ನು ನೋಡಲು ಬಂದಾಗ ಮುಖ ತೋರಿಸಲಾರದೆ ಒಳಗೇ ಉಳಿದೆಯಲ್ಲ, ಹಾಗೆ ಮಾಡಬೇಡ. ಜಾಲರಿಯ ತನಕ ಹೊರಗೆ ಬಾ.