ಕೊಟ್ಟಿಗೆಯ ಗಡಿಯಾರ ಮುಟ್ಟಬೇಡ

ಡೂಗಲ್,

ಮೆಲ್ಬರ್ನ್ ರೈಲಿಗೆ ಹೊರಟಿದ್ದೇನೆ. ಕುರಿಮಾಂಸದ ಸಾರು ಫ್ರಿಜ್‌ನಲ್ಲಿದೆ. ಕೂತು ತಿನ್ನು.

ಇವತ್ತು ರಾತ್ರಿ ಸರ್ಕಾರದ ಬೇಸಿಗೆ ಸಮಯಕ್ಕೆಂದು ಊರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಕೊಟ್ಟಿಗೆಯದನ್ನು ಮುಟ್ಟಬೇಡ. ನಿನ್ನ ಅಪ್ಪ ಮಾಡುತ್ತಿದ್ದ ಹಾಗೆ ಹಸುಗಳನ್ನು ದಿನಕ್ಕಿಷ್ಟಿಷ್ಟೇ ಹೊಸ ಹೊತ್ತಿಗೆ ತರೋಣ. ಹಾಲಿನ ಟ್ಯಾಂಕರಿನ ಟೆರಿ ಒಪ್ಪಿದ್ದಾನೆ. "ಈ ವಾರ ನಿಮ್ಮನೆಗೆ ಕೊನೇಲಿ ಬರ್ತೀನಿ ಬಿಡಮ್ಮ. ಆ ಹಟಮಾರಿಗೆ ಹೇಳು, ಬೆಳಕಾಗೋ ತನಕ ಹೊದ್ಕೊಂಡು ಬಿದ್ದಿರ್ಲಿ," ಅಂದ.

ಬಿದ್ದಿರು. ಕತ್ತಲಲ್ಲಿ ಬೈಕ್ ತೆಗೆಯಬೇಡ. ಹೋದ ವರ್ಷ ಟ್ಯಾಂಕರ್ ಹೊಸ ಸಮಯಕ್ಕೆ ಬಂದುಬಿಡುತ್ತದೆಂದು ನಮ್ಮ ಹುಡುಗ ಹಸು ಅಟ್ಟಿಕೊಂಡು ಬರಲು ಕತ್ತಲಲ್ಲೇ ಬೈಕ್ ಹತ್ತಿ ಹೋದ. ತಂತಿಬೇಲಿ ಅವನಿಗೆ ಕಾಣಲಿಲ್ಲ.

ಗಡಿಯಾರ ಫಿನ್ಲೆಯನ್ನು ಕೊಂದಿತೆಂದು ನಾನು ಮೆಲ್ಬರ್ನ್‌ನಲ್ಲಿ ಈ ಬೇಸಿಗೆ ಸಮಯದ ಬಗ್ಗೆ ಅಹವಾಲು ಕೇಳುವ ಸಮಿತಿಯ ಮುಂದೆ ಹೇಳುವುದಿಲ್ಲ. ಒಂದು ಸಾವಿನಿಂದ ಏನೂ ಸಾಬೀತಾಗದು. ಸಂಜೆಗೆ ಕೊಡುವ ಬೆಳಕನ್ನು ನೀವು ಬೆಳಗಿನಿಂದ ಕಿತ್ತುಕೊಳ್ಳುತ್ತೀರಿ, ಆ ಕತ್ತಲಲ್ಲಿ ಕೆಲಸಕ್ಕೆ ಹೋಗುವವರಿದ್ದಾರೆ, ಇದನ್ನು ನಿಲ್ಲಿಸಿ ಎನ್ನುತ್ತೇನೆ, ಅಷ್ಟೇ.

ಅಡುಗೆಮನೆ ಕಿಟಕಿಯಲ್ಲಿರುವ ಅವನ ಕೈಗಡಿಯಾರವನ್ನು, ಏಪ್ರಿಲ್‌ನಲ್ಲಿ ಊರೆಲ್ಲ ಒಂದು ಗಂಟೆ ಹಿಂದಿಟ್ಟಾಗ, ಹಿಂದಿಡಲು ನಮ್ಮಿಬ್ಬರಿಗೂ ಕೈ ಬರಲಿಲ್ಲ. ನಾಳೆಯಿಂದ ಅದು ಮತ್ತೆ ಸರಿಯಾದ ಸಮಯ ತೋರಿಸುತ್ತದೆ. ನೋಡಲಾಗದಿದ್ದರೆ ಡ್ರಾಯರಿನಲ್ಲಿಡು. ನಿಲ್ಲಿಸಬೇಡ.

ಮೋರಗ್