ಹೆನ್ನಿ ಹೋಗುತ್ತಿದ್ದ ಮನೆಗಳು

ಗೋಥೆನ್‌ಬರ್ಗ್, ಗುರುವಾರ

ಪ್ರಿಯ ಬೆಲಾ ಅವರಿಗೆ ಶಾಲೋಮ್.

ನಮ್ಮ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗಿನ ಸ್ಮರಣ ಸಂಚಿಕೆಗೆ ನನ್ನ ಹೆಂಡತಿ ಹೆನ್ನಿಯ ಬಗ್ಗೆ ಬರೆದುಕೊಡಿ ಎಂದಿರಿ. ತವರಿನ ಅಂಗಡಿ ಮಾರಿ ಅವಳು ವೃದ್ಧಾಶ್ರಮ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಮೂವತ್ತು ವರ್ಷ, ಪ್ರತಿ ಶುಕ್ರವಾರ, ನಿಮ್ಮಂಥ ಸ್ವಯಂಸೇವಕರನ್ನು ಕಟ್ಟಿಕೊಂಡು ಒಂಟಿ ಮುದುಕರ ಮನೆಗಳಿಗೆ ಬ್ರೆಡ್ಡು, ಸೂಪು ಹೊತ್ತೊಯ್ದಳು. ಸಂಜೆ ನಮ್ಮ ವಾರದ ವಿಶ್ರಾಂತಿ ದಿನ ಸಬ್ಬತ್ತಿನ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೂ ಊಟದ ಮೇಜಿನಲ್ಲೇ ತೂಕಡಿಸುತ್ತಿದ್ದಳು.

“ನನ್ನ ಹತ್ರಾನೂ ಎರಡು ಮಾತಾಡೇ” ಎಂದು ಒಮ್ಮೆ ರೇಗಿದೆ.

“ನಿಮಗೆ ನಾನಿದ್ದೀನಲ್ರೀ, ಅವರಿಗೆ ಯಾರಿದ್ದಾರೆ?” ಎಂದು ನಕ್ಕಳು.

ಅವಳು ಹೋಗಿ ನಾಲ್ಕು ತಿಂಗಳಾಯಿತು. ಈಗ ದೀಪ ನಾನೇ ಹಚ್ಚುತ್ತೇನೆ.

ಲೇಖನ ನನ್ನಿಂದಾಗದು, ಕ್ಷಮಿಸಿ. ಒಂದು ಕೋರಿಕೆಯಿದೆ: ನೀವು ಶುಕ್ರವಾರ ಹೋಗುವ ಮನೆಗಳ ಜೊತೆ ನಮ್ಮದನ್ನೂ ಸೇರಿಸಿಕೊಳ್ಳಿ. ತಿನ್ನಲು ಏನೂ ಬೇಡ. ಸ್ವಲ್ಪ ಹೊತ್ತು ಕೂರುವವರನ್ನು ಕಳಿಸಿ.

ನಿಮ್ಮ,
ಇಸಿಡೋರ್