ಬಾಯಿಂದ ಹೊರಟ ಗೆರೆಗಳು

ಭಾನುವಾರ, ಮಧ್ಯಾಹ್ನ

ಚೂಟಿಗೆ, ಅಮ್ಮ ಪ್ರೀತಿಯಿಂದ ಬರೆಯುವುದು.

ನಿನ್ನ ಚಿತ್ರಪ್ರದರ್ಶನ ನೋಡಿಬಂದೆ. ನೀನು ಕರೆಯಲಿಲ್ಲ, ನಾನಾಗಿಯೇ ಹೋದೆ. ಅಲ್ಲಿ ನೀನು ಬಿಡಿಸಿದ ನನ್ನ ಚಿತ್ರದ ಕೆಳಗೆ 'ಅಮ್ಮ' ಅಂತ ಬರೆಯದಿದ್ದರೆ ನನ್ನ ಮುಖ ನನಗೇ ಗುರುತು ಸಿಗುತ್ತಿತ್ತೋ ಇಲ್ಲವೋ. ಗಲ್ಲ ಒಂದು ದಿಕ್ಕಿಗೆ, ಕಿವಿ ಒಂದು ದಿಕ್ಕಿಗೆ, ಕೈ ನೋಡಿದರೆ ಮೊರದಗಲ.

ಅಲ್ಲಿ ಚಿತ್ರ ವಿವರಿಸುವ ಹುಡುಗಿಯೊಬ್ಬಳಿದ್ದಳು. ಬಂದವರ ಹಿಂದೆ ನಾನೂ ನಿಂತೆ. ಇದು ಅಭಿವ್ಯಕ್ತಿವಾದದ ಶೈಲಿ, ಮುಖ ಇದ್ದ ಹಾಗಲ್ಲ, ಬಿಡಿಸಿದವರ ಮನಸ್ಸಿಗೆ ಕಂಡ ಹಾಗೆ ಇರುತ್ತದೆ ಎಂದಳು. ಬಾಯಿಯ ಹತ್ತಿರ ಕಾಗದ ಹರಿಯುವಷ್ಟು ಇದ್ದಿಲು ಒತ್ತಿ ಗೀಚಿದ್ದಾರೆ, ಆ ಚೂಪು ಗೆರೆಗಳೆಲ್ಲ ತಾಯಿಯ ಚುಚ್ಚುಮಾತು ಎಂದಳು. ಕೇಳಿದವರು ಪಾಪ ಅಂದರು. ಪಾಪ ಅಂದದ್ದು ನಿನಗೆ, ನನಗಲ್ಲ. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಹತ್ತಿರ ಹೋಗಿ ನೋಡಿದೆ. ನನ್ನ ಕಣ್ಣಿಗೆ ಅವು ಗುಂಡುಸೂಜಿ. ಗಿರಾಕಿಯ ಮೈಮೇಲೆ ಬಟ್ಟೆಯ ಅಳತೆ ಸರಿಮಾಡುವಾಗ ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನನ್ನ ಅಭ್ಯಾಸ. ನೀನು ಮನೆ ಬಿಟ್ಟ ದಿನವೂ ಹಾಗೇ ಇದ್ದೆ. ಚಿತ್ರ ಗಿತ್ರ ಸಾಕು, ಹೊಲಿಗೆ ಅಂಗಡಿ ನೋಡಿಕೋ ಅಂತ ಹಿಂದಿನ ದಿನವಷ್ಟೇ ಜಗಳವಾಗಿತ್ತು. ನೀನು ಬ್ಯಾಗು ಹಿಡಿದು ಬಂದು, "ಅಮ್ಮಾ, ಹೋಗ್ಲಾ, ಇರ್ಲಾ?" ಅಂತ ಕೇಳಿದೆ. ನಾನು ಗೌನಿನ ಅಂಚು ಹಿಡಿದು ಮಂಡಿಯೂರಿದ್ದೆ. ಬಾಯಿ ತೆರೆಯುವ ಹಾಗಿರಲಿಲ್ಲ. ಸೂಜಿಗಳನ್ನು ಅಂಗೈಗೆ ತೆಗೆದು ಏಳುವಷ್ಟರಲ್ಲಿ ನೀನು ಮೆಟ್ಟಿಲಿಳಿದಾಗಿತ್ತು. ಆಮೇಲೆ ಫೋನ್ ಮಾಡಿದರೆ ನೀನು ಎತ್ತಲಿಲ್ಲ.

ಆ ಹುಡುಗಿಗೆ ಇದೆಲ್ಲ ಹೇಳಲಿಲ್ಲ. ಅವಳ ಮೇಲೆ ನನಗೇನೂ ಕೋಪವಿಲ್ಲ, ಯಾಕೆಂದರೆ ಚಿತ್ರದಲ್ಲಿ ಇನ್ನೊಂದನ್ನೂ ಅವಳೇ ತೋರಿಸಿಕೊಟ್ಟಳು. ಕಣ್ಣುಗಳನ್ನು ಮಾತ್ರ ಬೆರಳಿನಿಂದ ಮೆಲ್ಲಗೆ ಸವರಿ ಮಾಡಿದ್ದಾರೆ, ಸಿಟ್ಟಿನ ಕೈ ಅಲ್ಲಿಗೆ ಬಂದು ತಣ್ಣಗಾಗಿದೆ ಎಂದಳು. ನಿಜ, ರೆಪ್ಪೆಯ ಕೆಳಗೆ ನಿನ್ನ ಬೆರಳಿನ ಗುರುತು ಹಾಗೇ ಇದೆ. ಅದನ್ನು ನೋಡಿ ನನಗೆ ಅಳು ಬಂತು. ಅಷ್ಟು ಜನರ ನಡುವೆ ನಿಂತೇ ಅತ್ತೆ.

ನನಗೆ ತಿಳಿಯಬೇಕಾದದ್ದು ಇಷ್ಟೇ. ನನ್ನ ಬಾಯಲ್ಲಿ ನೀನು ಬರೆದದ್ದು ಸೂಜಿಯೋ, ಬೈಗುಳವೋ? ಯಾವುದಾದರೂ ಸರಿ, ಒಂದು ಸಾಲು ಬರೆದು ಹಾಕು. ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಅವತ್ತು ಬಾಯಲ್ಲಿ ಸೂಜಿ ಇರದಿದ್ದರೆ ನಾನು "ಹೋಗು" ಅಂತಲೇ ಅಂದುಬಿಡುತ್ತಿದ್ದೆ, ಅಷ್ಟು ಸಿಟ್ಟಿತ್ತು. ನೀನು ಅದನ್ನು ನನ್ನ ಮುಖದಲ್ಲಿ ಓದಿಕೊಂಡೇ ಹೊರಟೆ ಅಂತ ಕಾಣುತ್ತದೆ. ಈಗ ಒಂದು ಸಲ ಬಂದು ಅದೇ ಮಾತು ಕೇಳು. ಇರು ಅನ್ನುತ್ತೇನೆ.